ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ ತಿಂದರೆ ಬಿಪಿ ಮಾತ್ರೆ ಬಿಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅಪ್ಪನಿಗೆ 64 ವರ್ಷ, ಬಿಪಿ ಉಂಟು, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದಾರೆ. ಈಗ ವಾಟ್ಸಾಪಿನ ಯಾವುದೋ ವೀಡಿಯೊ ನೋಡಿ ದಿನಾ ಬೆಳಿಗ್ಗೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ ನೀರಿನೊಟ್ಟಿಗೆ ನುಂಗುತ್ತಿದ್ದಾರೆ, ಬಿಪಿ ಮಾತ್ರೆ ಇನ್ನು ಬೇಡ ಎನ್ನುತ್ತಿದ್ದಾರೆ. ಇದಕ್ಕೆ ವೈಜ್ಞಾನಿಕ ಆಧಾರ ಉಂಟಾ, ಜಜ್ಜಿ ಎಣ್ಣೆಯಲ್ಲಿ ಹಾಕಿಟ್ಟರೆ ಅವರಿಗೆ ಸುಲಭ ಆಗಬಹುದಾ ಎಂದು ಕೇಳಿದ್ದೀರಿ.

ಮಾತ್ರೆ ಬಿಡಲು ಬಿಡಬೇಡಿ. ಉಳಿದದ್ದು ನಿಧಾನಕ್ಕೆ ಹೇಳುತ್ತೇನೆ.

ನಾನು ಡಾಕ್ಟರಲ್ಲ, ಉಡುಪಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ನಿಮ್ಮ ಅಪ್ಪನಂಥವರು ತಿಂಗಳಿಗೆ ನಾಲ್ಕೈದು ಮಂದಿ ನನ್ನ ಕೌಂಟರಿಗೆ ಬರುತ್ತಾರೆ. ಮೊನ್ನೆ ಒಬ್ಬರು ಅಕ್ಕ ಚೀಟಿ ಮುಂದಿಟ್ಟು, "ಅಣ್ಣಾ, ಶುಗರಿನದ್ದು ಮಾತ್ರ ಕೊಡಿ, ಬಿಪಿಯದ್ದು ಈ ಸಲ ಬೇಡ, ಬೆಳ್ಳುಳ್ಳಿ ಸುರು ಮಾಡಿದ್ದೇನೆ" ಎಂದರು. ಬಿಪಿ ನೋಡಿಸಿಕೊಂಡಿರಾ ಎಂದರೆ, "ನೋಡುವುದೆಂತ, ತಲೆ ಹಗುರ ಉಂಟಲ್ಲ!" ಬಿಪಿ ಏರಿದರೂ ಹೆಚ್ಚಿನವರ ತಲೆ ಹಗುರವೇ ಇರುತ್ತದೆ ಮಾರಾಯ್ರೆ, ತೊಂದರೆ ಇರುವುದೇ ಅಲ್ಲಿ.

ಹಾಗಂತ ಬೆಳ್ಳುಳ್ಳಿಯನ್ನು ಅಜ್ಜಿಕತೆ ಎಂದು ತಳ್ಳಿಹಾಕುವವನೂ ನಾನಲ್ಲ. ಒಂದು ಎಸಳು ಸಿಪ್ಪೆ ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿ, ಹೆಚ್ಚೇನೂ ವಾಸನೆ ಇಲ್ಲ. ಅದನ್ನೇ ಕಲ್ಲಿನಲ್ಲಿ ಒಂದು ಸಲ ಜಜ್ಜಿ, ಘಾಟು ಕ್ಷಣದಲ್ಲಿ ಏಳುತ್ತದೆ. ಇಡೀ ಎಸಳಿನಲ್ಲಿ ಅಲಿಯಿನ್ ಎಂಬ ವಸ್ತು ಒಂದು ಕೋಣೆಯಲ್ಲಿ, ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಜಜ್ಜಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ. ಘಾಟು ಅದರದ್ದೇ. 1944ರಲ್ಲಿ ಅಮೆರಿಕದ ಕವಾಲಿಟೊ ಮತ್ತು ಬೇಲಿ ಎಂಬಿಬ್ಬರು ಇದನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ತೋರಿಸಿದರು.

ನಿಮ್ಮ ಅಪ್ಪ ಎಡವಿದ್ದು ಇಲ್ಲೇ. ಆ ಕಿಣ್ವ ಹೊಟ್ಟೆಯ ಆಮ್ಲಕ್ಕೆ ಬಿದ್ದರೆ ಕೆಲಸ ನಿಲ್ಲಿಸುತ್ತದೆ. ಇಡೀ ಎಸಳನ್ನು ಗುಳಿಗೆಯ ಹಾಗೆ ನುಂಗಿದರೆ ಗೋಡೆ ಒಡೆಯುವ ಮೊದಲೇ ಕಿಣ್ವ ಸತ್ತಿರುತ್ತದೆ. ಜಗಿಯಬೇಕು, ಇಲ್ಲ ಜಜ್ಜಬೇಕು. ಬಿಸಿಗೂ ಹಾಗೆಯೇ: ಮೈಕ್ರೋವೇವಿನಲ್ಲಿ ಬರೇ 60 ಸೆಕೆಂಡ್ ಇಟ್ಟರೂ ಕಿಣ್ವ ಹಾಳು, ಆದರೆ ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಬಿಸಿ ಮಾಡಿದರೆ ಗುಣ ಸ್ವಲ್ಪವಾದರೂ ಉಳಿಯುತ್ತದೆ ಎಂದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ನನ್ನ ಅಮ್ಮ ಸಾರಿಗೆ ನೀರಿಡುವ ಮೊದಲೇ ಬೆಳ್ಳುಳ್ಳಿ ಜಜ್ಜಿ ಬದಿಗಿಡುತ್ತಿದ್ದರು. ವಿಜ್ಞಾನ ಗೊತ್ತಿದ್ದು ಅಲ್ಲ, ಆಮೇಲೆ ಕೈ ಖಾಲಿ ಇರುವುದಿಲ್ಲ ಎಂದು.

ಈಗ ಬಿಪಿ. ಇಲ್ಲಿ ಬೆಳ್ಳುಳ್ಳಿಗೆ ನ್ಯಾಯವಾಗಿ ಸ್ವಲ್ಪ ಅಂಕ ಕೊಡಬೇಕು. ಆಸ್ಟ್ರೇಲಿಯಾದ ಕ್ಯಾರಿನ್ ರೀಡ್ 2020ರಲ್ಲಿ 12 ಪ್ರಯೋಗಗಳನ್ನು, ಒಟ್ಟು 553 ಬಿಪಿ ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ಮೇಲಿನ ಬಿಪಿ ಸರಾಸರಿ 8 ಪಾಯಿಂಟಿನಷ್ಟು, ಕೆಳಗಿನದ್ದು 5ರಷ್ಟು ಇಳಿದಿತ್ತು. ಬೆಳ್ಳುಳ್ಳಿಯ ಗಂಧಕದ ಅಂಶಗಳಿಂದ ನಮ್ಮ ಕೆಂಪು ರಕ್ತಕಣಗಳು ಹೈಡ್ರೋಜನ್ ಸಲ್ಫೈಡ್ ತಯಾರಿಸುತ್ತವೆ, ಅದು ರಕ್ತನಾಳವನ್ನು ಸಡಿಲ ಮಾಡುತ್ತದೆ ಎಂದು 2007ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕಂಡುಕೊಂಡಿದ್ದರು. ಅಂದರೆ ಬಿಪಿ ಇಳಿಯುವುದಕ್ಕೆ ಒಂದು ಕಾರಣವೂ ಸಿಕ್ಕಿದೆ. ಆದರೆ 553 ಮಂದಿ ಎಂದರೆ ನಮ್ಮಲ್ಲಿ ಒಂದು ಮಧ್ಯಮ ಮದುವೆಯ ಊಟದ ಪಂಕ್ತಿ. ಅವರಿಗೆ ಕೊಟ್ಟದ್ದೂ ಹೆಚ್ಚಾಗಿ ಅಳತೆ ಮಾಡಿದ ಪುಡಿ ಅಥವಾ ತಿಂಗಳುಗಟ್ಟಲೆ ಹಳತು ಮಾಡಿದ ಸತ್ವದ ಮಾತ್ರೆ, ಸಂತೆಯ ಎಸಳಲ್ಲ. ಆ ಹಳೇ ಸತ್ವದಲ್ಲಿ ಅಲಿಸಿನ್ ಇರುವುದೇ ಇಲ್ಲ ಎನ್ನಬಹುದು, ಕೆಲಸ ಮಾಡುವುದು ಬೇರೆ ವಸ್ತು. ಮುಖ್ಯವಾಗಿ, ಬಿಪಿ ಮಾತ್ರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ತಪ್ಪಿಸುತ್ತದೆ ಎಂದು ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ನೋಡಿ ಗಟ್ಟಿ ಮಾಡಿದ್ದಾರೆ. ಬೆಳ್ಳುಳ್ಳಿಗೆ ಆ ಪರೀಕ್ಷೆ ಆಗಿಲ್ಲ.

ಕೊಲೆಸ್ಟ್ರಾಲ್ ಕತೆ ಇದಕ್ಕಿಂತ ರುಚಿ, ಯಾಕೆಂದರೆ ನಮ್ಮ ದೇಶದವರೇ ಇದರಲ್ಲಿ ಮುಂದೆ ಇದ್ದರು. 1973ರಲ್ಲಿ ಉದಯಪುರದ ಅರುಣ್ ಬೋರ್ಡಿಯಾ ಅವರು ಬೆಳ್ಳುಳ್ಳಿ ಬಗ್ಗೆ ಬರೆದ ಪತ್ರ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1979ರಲ್ಲಿ ಸೈನಾನಿ ಮತ್ತು ಸಂಗಡಿಗರು ಜೈನ ಸಮುದಾಯದಲ್ಲಿ ಮೂರು ಗುಂಪು ನೋಡಿದರು: ಬೆಳ್ಳುಳ್ಳಿ-ನೀರುಳ್ಳಿ ಧಾರಾಳ ತಿನ್ನುವವರು, ಸ್ವಲ್ಪ ತಿನ್ನುವವರು, ಮುಟ್ಟದವರು. ಮುಟ್ಟದವರ ಕೊಲೆಸ್ಟ್ರಾಲೇ ಎಲ್ಲಕ್ಕಿಂತ ಹೆಚ್ಚು ಇತ್ತು. ಕಾರ್ಕಳ, ಮೂಡಬಿದ್ರೆ ಇಷ್ಟು ಹತ್ತಿರ ಇದ್ದೂ ಇಂಥದ್ದು ನಮ್ಮ ಕಡೆ ಯಾಕೆ ಮಾಡಲಿಲ್ಲ ಎಂದು ನನಗೆ ಬೇಸರ ಆಗುವುದುಂಟು. ಮಠದ ಪಾಕಕ್ಕೆ ಬೆಳ್ಳುಳ್ಳಿ ಬಾರದ ಊರು ಇದು, ಅದೇ ಊರಲ್ಲಿ ಬಂಗುಡೆ ಪುಳಿಮುಂಚಿಗೆ ಒಂದು ಗಡ್ಡೆ ಹೋಗುತ್ತದೆ. ಹೋಲಿಸಲು ಇದಕ್ಕಿಂತ ಒಳ್ಳೇ ಜಾಗ ಎಲ್ಲುಂಟು? ಆದರೆ ಬರೇ ಹೋಲಿಕೆಯಿಂದ ಬೆಳ್ಳುಳ್ಳಿಯೇ ಕಾರಣ ಎನ್ನಲಾಗದು. ನೀರುಳ್ಳಿಯೂ ಇತ್ತು, ಜೀವನಕ್ರಮದ ವ್ಯತ್ಯಾಸವೂ ಇದ್ದೀತು. ಅದನ್ನು ಬಿಡಿಸಿ ನೋಡಿದ್ದು 2007ರ ಸ್ಟ್ಯಾನ್‌ಫರ್ಡ್ ಪ್ರಯೋಗ. 192 ಮಂದಿಗೆ ಆರು ತಿಂಗಳು, ವಾರಕ್ಕೆ ಆರು ದಿನ, ಕೆಲವರಿಗೆ ಹಸಿ ಬೆಳ್ಳುಳ್ಳಿ, ಕೆಲವರಿಗೆ ಎರಡು ಬಗೆಯ ಮಾತ್ರೆ, ಕೆಲವರಿಗೆ ಬರೇ ಹುಸಿ ಮಾತ್ರೆ. ಹಸಿಯದ್ದನ್ನು ಸ್ಯಾಂಡ್‌ವಿಚ್ಚಿನೊಳಗೆ ಇಟ್ಟು ಕೊಟ್ಟರಂತೆ, ಪಾಪ. ಕೆಟ್ಟ ಕೊಲೆಸ್ಟ್ರಾಲ್ ಯಾವ ಗುಂಪಿನಲ್ಲೂ ಹೇಳುವಂಥದ್ದು ಇಳಿಯಲಿಲ್ಲ.

ಮಠದ ಮಾತು ಬಂತಲ್ಲ, ಒಂದು ತಮಾಷೆ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಸಿಕ್ಕ, ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಸಂಸ್ಕೃತ ಹಸ್ತಪ್ರತಿಯೊಂದು ಶುರುವಾಗುವುದೇ ಬೆಳ್ಳುಳ್ಳಿಯ ಗುಣಗಾನದಿಂದ. ಬ್ರಾಹ್ಮಣರು ತಿನ್ನಬಾರದಲ್ಲ, ಅವರಿಗೆ ಅಲ್ಲೊಂದು ಉಪಾಯವೂ ಉಂಟು: ದನವನ್ನು ಮೂರು ರಾತ್ರಿ ಹೆಚ್ಚುಕಮ್ಮಿ ಉಪವಾಸ ಕೆಡವಿ, ಹುಲ್ಲಿಗೆ ಬೆಳ್ಳುಳ್ಳಿ ದಂಟು ಬೆರೆಸಿ ತಿನ್ನಿಸಿ, ಅದರ ಹಾಲು, ಮೊಸರು, ತುಪ್ಪ ತೆಗೆದುಕೊಳ್ಳಿ! ಮಡಿಯೂ ಉಳಿಯಿತು, ಮದ್ದೂ ಆಯಿತು. ದನವನ್ನು ಯಾರೂ ಕೇಳಲಿಲ್ಲ.

ಶೀತಕ್ಕೆ? 2001ರಲ್ಲಿ ಇಂಗ್ಲೆಂಡಿನಲ್ಲಿ 146 ಮಂದಿಯ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಬೆಳ್ಳುಳ್ಳಿ ಗುಂಪಿಗೆ 24 ಸಲ, ಇನ್ನೊಂದು ಗುಂಪಿಗೆ 65 ಸಲ ಶೀತ ಬಂತು. ಕೇಳಲು ಭಾರೀ ಚಂದ, ಆದರೆ ಒಂದೇ ಪ್ರಯೋಗ.

ನಿಮ್ಮ ಅಪ್ಪನ ವಿಷಯದಲ್ಲಿ ನನಗೆ ನಿಜವಾಗಿ ಹೆದರಿಕೆ ಇರುವುದು ಸ್ಟೆಂಟಿನದ್ದು. ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇರುತ್ತದೆ. ಬೆಳ್ಳುಳ್ಳಿಯಲ್ಲಿ ಅಜೋಯಿನ್ ಮುಂತಾದ ವಸ್ತುಗಳೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಅಂಟಿಕೊಳ್ಳುವುದನ್ನು ತಡೆಯುತ್ತವೆ. ಎರಡೂ ಸೇರಿದರೆ ರಕ್ತ ಸುರಿಯುವುದು ಬೇಗ ನಿಲ್ಲದೆ ಇರಬಹುದು. ಸಾರು, ಚಟ್ನಿಯಲ್ಲಿ ಹೋಗುವಷ್ಟಕ್ಕೆ ಚಿಂತೆ ಬೇಡ. ದಿನಾ ನಾಲ್ಕು ಎಸಳು ಹಸಿ, ಅದರ ಮೇಲೆ ಕ್ಯಾಪ್ಸೂಲ್ ಎಂದರೆ ಹಾರ್ಟಿನ ಡಾಕ್ಟರಿಗೆ ಹೇಳಲೇಬೇಕು. ಹಲ್ಲು ಕೀಳಿಸುವುದು, ಆಪರೇಷನ್ ಏನಾದರೂ ಇದ್ದರೆ ಮೊದಲೇ ಹೇಳಬೇಕು. ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿ ಕ್ಯಾಪ್ಸೂಲಿನಂಥವನ್ನು ಒಂದು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಮಾತ್ರೆಗಳ ಜೊತೆ ಬೆಳ್ಳುಳ್ಳಿ ಜಗಳ ಆಡುವುದೂ ಉಂಟು: ಎಚ್‌ಐವಿಯ ಸಾಕ್ವಿನಾವಿರ್ ಎಂಬ ಔಷಧ ಬೆಳ್ಳುಳ್ಳಿ ಕ್ಯಾಪ್ಸೂಲಿನ ಜೊತೆ ರಕ್ತದಲ್ಲಿ ಅರ್ಧಕ್ಕೆ ಇಳಿದದ್ದು ಅಮೆರಿಕದ ಪ್ರಯೋಗದಲ್ಲಿ ದಾಖಲಾಗಿದೆ.

ಹೊರಗೆ ಹಚ್ಚುವ ಮದ್ದಿನ ಪಾಠ ನಮ್ಮ ಮನೆಯಲ್ಲೇ ಆಗಿದೆ. ಅಮ್ಮನಿಗೆ ಮೊಣಕಾಲು ನೋವು, ಯಾರೋ ಹೇಳಿದರೆಂದು ನನಗೆ ತಿಳಿಸದೆ ಹಸಿ ಬೆಳ್ಳುಳ್ಳಿ ಅರೆದು ಬಟ್ಟೆ ಕಟ್ಟಿ ಮಲಗಿದರು. ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಬಿಸಿನೀರು ಬಿದ್ದ ಹಾಗೆ ಬೊಬ್ಬೆ ಎದ್ದಿತ್ತು. ಔಷಧ ಮಾರುವವನ ಮನೆ! ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚುತ್ತಾ ನಾನು ಬೈದೆ, ಅವರು "ನೋವು ಕಮ್ಮಿ ಆಗಿದೆ ಮಗಾ" ಎಂದರು. ಉರಿಯ ಮುಂದೆ ನೋವು ಗೊತ್ತಾಗದ್ದು ಇರಬೇಕು.

ಕೊನೆಗೆ ಎಣ್ಣೆ. ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ಬಾಟ್ಲಿಯಲ್ಲಿ ಹೊರಗಿಡಬೇಡಿ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಗೆ ಹುಳಿ ಇಲ್ಲ, ಮಣ್ಣಿನಿಂದ ಬಂದ ಬೊಟುಲಿನಮ್ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಇಂಥದೇ ಬಾಟ್ಲಿಯಿಂದ 36 ಮಂದಿಗೆ ವಿಷವಾಯಿತು. ವಾಸನೆಯಿಂದ, ರುಚಿಯಿಂದ ಅದು ಗೊತ್ತಾಗುವುದಿಲ್ಲ. ಅಪ್ಪನಿಗೆ ಬೆಳ್ಳುಳ್ಳಿ ಬೇಕೇ ಬೇಕಾದರೆ ಡಾಕ್ಟರನ್ನು ಕೇಳಿ, ಒಂದು ಎಸಳು ಆಗಾಗ ಜಜ್ಜಿ ಗಂಜಿ ಚಟ್ನಿಗೆ ಹಾಕಿಕೊಡಿ. ಒಂದು ಬಿಪಿ ಮಿಷನ್ ತಂದು ಎರಡು ವಾರ ಬೆಳಿಗ್ಗೆ-ಸಂಜೆ ಬರೆದಿಡಿ, ಮುಂದಿನ ಸಲ ಹೋಗುವಾಗ ಆ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. ಮಾತ್ರೆ ಕಮ್ಮಿ ಮಾಡುವುದಿದ್ದರೆ ಅವರೇ ಮಾಡುತ್ತಾರೆ.