ಎಲ್‌ಎಲ್‌ಸಿ ಟ್ರಾನ್ಸ್‌ಫಾರ್ಮರ್‌ನೊಳಗೇ ಚೋಕ್: ಗಂಗಾವತಿಯ ಚಾರ್ಜರ್ ಪ್ರಶ್ನೆಗೆ

ತಮ್ಮಾ, ಇನ್ನೊಂದು ಜೋಡಿ ಮಾಸ್ಫೆಟ್ (ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ತರಿಸುವ ಮೊದಲು ಇದನ್ನು ಓದು. ಸ್ಕೂಟರ್ ಬ್ಯಾಟರಿಯ 54.6 ವೋಲ್ಟ್ ಎಲ್‌ಎಲ್‌ಸಿ ಚಾರ್ಜರ್‌ನಲ್ಲಿ (ಎರಡು ಇಂಡಕ್ಟರ್, ಒಂದು ಕೆಪಾಸಿಟರ್ ಕೂಡಿ ರೆಸೊನೆನ್ಸ್‌ನಲ್ಲಿ ಓಡುವ ಸರ್ಕ್ಯೂಟ್) ಖರ್ಚು ಉಳಿಸಲು ರೆಸೊನೆಂಟ್ ಚೋಕ್, ಅಂದರೆ ಬೇರೆಯಾಗಿ ಕೂರುವ ಇಂಡಕ್ಟರ್, ತೆಗೆದೆ, ಇಟಿಡಿ39 ಅಳತೆಯ ಕೋರ್‌ನ ಬಾಬಿನ್ (ತಂತಿ ಸುತ್ತುವ ಚೌಕಟ್ಟು) ಮೇಲೆ ಅರ್ಧ ಪ್ರೈಮರಿ, ನಡುವೆ ಸೆಕೆಂಡರಿ, ಮೇಲೆ ಉಳಿದರ್ಧ ಪ್ರೈಮರಿ ಸುತ್ತಿದೆ, ಸ್ವಿಚ್ ಹಾಕಿದೊಡನೆ ಮಾಸ್ಫೆಟ್ ಹೋದವು ಎಂದು ಬರೆದಿದ್ದೀಯ. ಮೇಲೆ ಉತ್ತರಿಸಿದವರು ಬೇರೆ ಕಂಪನಿಯ ಮಾಸ್ಫೆಟ್ ಹಾಕು, ಗೇಟ್ ರೆಸಿಸ್ಟರ್ ಹೆಚ್ಚಿಸು ಎನ್ನುತ್ತಿದ್ದಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಮೊದಲ ಸಲ ಚೋಕ್ ಕೈಬಿಟ್ಟಾಗ ನಾನೂ ಹೀಗೆಯೇ ಸುತ್ತಿದ್ದೆ, ಮಾಸ್ಫೆಟ್ ಹೀಗೆಯೇ ಹೋಗಿದ್ದವು.

ಹೀಗೆ ಸೆಕೆಂಡರಿಯನ್ನು ನಡುವೆ ಇಟ್ಟು ಸ್ಯಾಂಡ್‌ವಿಚ್ ಸುತ್ತುವುದು ಫ್ಲೈಬ್ಯಾಕ್, ಫಾರ್ವರ್ಡ್ ಎಂಬ ಬೇರೆ ಬಗೆಯ ಸರ್ಕ್ಯೂಟ್‌ಗಳಿಗೆ. ಅಲ್ಲಿ ಲೀಕೇಜ್ (ಒಂದು ವೈಂಡಿಂಗ್‌ನಿಂದ ಇನ್ನೊಂದಕ್ಕೆ ತಲುಪದೆ ಉಳಿಯುವ ಫ್ಲಕ್ಸ್) ಕಡಿಮೆಯಿದ್ದಷ್ಟೂ ಒಳ್ಳೆಯದು. ಇಲ್ಲಿ ಚೋಕ್ ತೆಗೆದ ಮೇಲೆ ಅದರ ಕೆಲಸ ಮಾಡಬೇಕಾದದ್ದು ಲೀಕೇಜ್ ಇಂಡಕ್ಟನ್ಸ್ ಒಂದೇ. ಅದನ್ನೇ ನೀನು ಕೊಂದುಹಾಕಿದ್ದೀಯ. ನಿನ್ನ ರೆಸೊನೆಂಟ್ ಕೆಪಾಸಿಟರ್ 22 ನ್ಯಾನೊಫ್ಯಾರಡ್. 100 ಕಿಲೊಹರ್ಟ್ಜ್‌ಗೆ ಕೂಡಿಬರಲು 115 ಮೈಕ್ರೊಹೆನ್ರಿ ಬೇಕು. ನೀನು ಸುತ್ತಿದ ರೀತಿಯಲ್ಲಿ 10 ಬಂದರೆ ಹೆಚ್ಚು. 10ಕ್ಕೆ ಲೆಕ್ಕ ಹಾಕು, ರೆಸೊನೆನ್ಸ್ 340 ಕಿಲೊಹರ್ಟ್ಜ್ ಹತ್ತಿರ ಹೋಗುತ್ತದೆ. ನಿನ್ನ ಸಾಫ್ಟ್‌ಸ್ಟಾರ್ಟ್ (ಫ್ರೀಕ್ವೆನ್ಸಿಯನ್ನು ಮೇಲಿನಿಂದ ಇಳಿಸುತ್ತ ನಿಧಾನವಾಗಿ ಚಾಲೂ ಮಾಡುವುದು) ಶುರುವಾಗುವುದೇ 250ರಿಂದ. ಆರಂಭದಲ್ಲಿ ಔಟ್‌ಪುಟ್ ಕೆಪಾಸಿಟರ್ ಖಾಲಿ, ಅಂದರೆ ಸೆಕೆಂಡರಿ ಶಾರ್ಟ್ ಆದಂತೆಯೇ. ರೆಸೊನೆನ್ಸ್‌ಗಿಂತ ಕೆಳಗೆ, ಶಾರ್ಟ್ ಆದ ಲೋಡ್‌ಗೆ ಸ್ವಿಚ್ ಮಾಡಿದರೆ ಕರೆಂಟ್ ವೋಲ್ಟೇಜ್‌ಗಿಂತ ಮುಂದೆ ಓಡುತ್ತದೆ. ಒಂದು ಮಾಸ್ಫೆಟ್‌ನ ಒಳಗೇ ಇರುವ ಬಾಡಿ ಡಯೋಡ್‌ನಲ್ಲಿ ಕರೆಂಟ್ ಇನ್ನೂ ಹರಿಯುತ್ತಿರುವಾಗಲೇ ಇನ್ನೊಂದು ಮಾಸ್ಫೆಟ್ ಆನ್ ಆಗಿ ಸಪ್ಲೈ ಶಾರ್ಟ್ ಆದಂತಾಗುತ್ತದೆ. ಯಾವ ಕಂಪನಿಯದನ್ನು ಹಾಕಿದರೂ ಉಳಿಯುವುದಿಲ್ಲ.

ಲೀಕೇಜ್ ನಂಬಿ ವಿನ್ಯಾಸ ಮಾಡುವುದು ತೇಪೆ ಕೆಲಸ ಎಂದು ಒಬ್ಬರು ಬರೆದಿದ್ದಾರೆ. ಒಪ್ಪುವುದಿಲ್ಲ. ಎರಡು ಇಂಡಕ್ಟರ್‌ಗಳನ್ನು ಒಂದೇ ಕೋರ್ ಮೇಲೆ ಕೂರಿಸುವ ಕೆಲಸವನ್ನು ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಸ್ಲೊಬೊಡಾನ್ ಚೂಕ್ ಮತ್ತು ಮಿಡಲ್‌ಬ್ರೂಕ್ 1970ರ ದಶಕದಲ್ಲೇ ಮಾಡಿದ್ದರು. ಅಷ್ಟು ದೂರ ಹೋಗುವುದೂ ಬೇಡ, ಗುಜರಿಯಿಂದ ಹಳೆಯ ಎಲ್‌ಸಿಡಿ ಟಿವಿಯ ಪವರ್ ಬೋರ್ಡ್ ತಂದು ನೋಡು. ಎಲ್‌ಎಲ್‌ಸಿ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಬೇರೆ ಚೋಕ್ ಸಿಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬಾಬಿನ್‌ಗೆ ನಡುವೆ ಗೋಡೆ ಇರುತ್ತದೆ, ಒಂದು ಕೋಣೆಯಲ್ಲಿ ಪ್ರೈಮರಿ, ಇನ್ನೊಂದರಲ್ಲಿ ಸೆಕೆಂಡರಿ. ಒಂದು ಕೋರ್, ಒಂದು ಬಾಬಿನ್, ಒಂದು ಸುತ್ತುವ ಕೂಲಿ, ಬೋರ್ಡ್ ಮೇಲೆ ಒಂದಷ್ಟು ಜಾಗ ಉಳಿಯಿತು.

ಆದ್ದರಿಂದ ಎರಡು ಕೋಣೆಯ ಬಾಬಿನ್ ತಂದುಕೋ. ಸಿಗದಿದ್ದರೆ ಸಾದಾ ಬಾಬಿನ್‌ಗೆ ಫೈಬರ್ ಹಾಳೆ ಕತ್ತರಿಸಿ ಗೋಡೆ ಅಂಟಿಸಬಹುದು, ಆದರೆ ಪ್ರೈಮರಿಗೂ ಸೆಕೆಂಡರಿಗೂ ನಡುವಿನ ಇನ್ಸುಲೇಶನ್ ಅಂತರದಲ್ಲಿ ರಾಜಿ ಬೇಡವೇ ಬೇಡ. ಚಾರ್ಜರ್‌ನ ಪಿನ್ನನ್ನು ಮಕ್ಕಳೂ ಮುಟ್ಟುತ್ತಾರೆ. ಸೆಕೆಂಡರಿಗೆ ಮೂರು ಪದರದ ಇನ್ಸುಲೇಶನ್ ಇರುವ ತಂತಿ ಹಾಕು, ದುಬಾರಿಯಾದರೂ ಸರಿ.

ಈಗ ಮುಖ್ಯ ಮಾತು. ಕರೆಂಟ್ ಕೊಡುವ ಮೊದಲು ಎರಡು ಅಳತೆ ತೆಗೆದುಕೊಳ್ಳಲೇಬೇಕು. ಸೆಕೆಂಡರಿ ತೆರೆದಿಟ್ಟು ಪ್ರೈಮರಿ ಅಳೆ. ಆಮೇಲೆ ಸೆಕೆಂಡರಿಯನ್ನು ದಪ್ಪ ತಂತಿಯಿಂದ ಶಾರ್ಟ್ ಮಾಡಿ ಪ್ರೈಮರಿ ಅಳೆ. ಎಲ್‌ಸಿಆರ್ ಮೀಟರ್ (ಇಂಡಕ್ಟನ್ಸ್ ಅಳೆಯುವ ಮೀಟರ್) 100 ಕಿಲೊಹರ್ಟ್ಜ್‌ನಲ್ಲಿರಬೇಕು. ಅಗ್ಗದ ಮಲ್ಟಿಮೀಟರ್‌ನ ಇಂಡಕ್ಟನ್ಸ್ ರೇಂಜ್ ನಂಬಬೇಡ. ಶಾರ್ಟ್ ಮಾಡುವ ತಂತಿ ಉದ್ದವಾಗಿದ್ದರೂ ಅಂಕಿ ಕೆಡುತ್ತದೆ. ತೆರೆದಿಟ್ಟಾಗ 600, ಶಾರ್ಟ್ ಮಾಡಿದಾಗ 115 ಮೈಕ್ರೊಹೆನ್ರಿ ಬಂತು ಎನ್ನೋಣ. ಬೇಕಾದದ್ದು ಬಂತು ಎಂದು ಇಲ್ಲೇ ನಿಲ್ಲುವವರು ಬಹಳ, ಮುಂದಿನ ಗುಂಡಿಗೆ ಬೀಳುವವರೂ ಅವರೇ.

ಬೇರೆ ಚೋಕ್ ಇದ್ದಾಗ ಸುತ್ತಿನ ಅನುಪಾತದ ಲೆಕ್ಕ ಸುಲಭ: ಬಸ್ (ಮಾಸ್ಫೆಟ್‌ಗಳಿಗೆ ಸಿಗುವ ಡಿಸಿ) ವೋಲ್ಟೇಜ್ 390ರ ಅರ್ಧ 195, ಅದನ್ನು ಔಟ್‌ಪುಟ್ ಮತ್ತು ಡಯೋಡ್ ಸೇರಿದ 55.3ರಿಂದ ಭಾಗಿಸಿದರೆ ಸುಮಾರು 3.5. ನೀನು 35ಕ್ಕೆ 10 ಸುತ್ತಿದ್ದು ಅದೇ ಲೆಕ್ಕದಿಂದ. ಲೀಕೇಜ್ ಟ್ರಾನ್ಸ್‌ಫಾರ್ಮರ್ ಒಳಗೇ ಇದ್ದಾಗ ಅದರ ಒಂದು ಪಾಲು ಸೆಕೆಂಡರಿ ಕಡೆಗೂ ಸೇರುತ್ತದೆ, ಆಗ ರೆಸೊನೆನ್ಸ್‌ನಲ್ಲೂ ಗೇನ್ (ಸುತ್ತಿನ ಲೆಕ್ಕದ ವೋಲ್ಟೇಜ್‌ಗೆ ನಿಜವಾಗಿ ಬರುವುದು ಎಷ್ಟು ಪಟ್ಟು ಎಂಬುದು) 1 ಇರುವುದಿಲ್ಲ. 600ನ್ನು 600ರಲ್ಲಿ 115 ಕಳೆದ 485ರಿಂದ ಭಾಗಿಸಿ ವರ್ಗಮೂಲ ತೆಗೆ, 1.11 ಬರುತ್ತದೆ. ಅಂದರೆ 35:10ರಲ್ಲಿ ನಿನಗೆ 55ರ ಬದಲು 61 ವೋಲ್ಟ್. ಅದನ್ನು ಇಳಿಸಲು ಐಸಿ ಸದಾ ರೆಸೊನೆನ್ಸ್‌ಗಿಂತ ಮೇಲೆಯೇ ಓಡಬೇಕು, ಸೆಕೆಂಡರಿ ಡಯೋಡ್‌ಗಳು ಮೆತ್ತಗೆ ಆಫ್ ಆಗುವುದು ತಪ್ಪಿ ಬಿಸಿಯಾಗುತ್ತವೆ, ಲೋಡ್ ಇಳಿದಾಗ ಫ್ರೀಕ್ವೆನ್ಸಿ ಮಿತಿ ಮುಟ್ಟಿ ವೋಲ್ಟೇಜ್ ಹಿಡಿತ ತಪ್ಪುತ್ತದೆ. 35:9 ಸುತ್ತು, ಸರಿಯಾಗಿ ಕೂಡುತ್ತದೆ. ಸುತ್ತು ಬದಲಿಸಿದ ಮೇಲೆ ಮತ್ತೆ ಎರಡೂ ಅಳತೆ ತೆಗೆದುಕೋ.

ಹೊಂದಿಸುವ ಕ್ರಮ ಹೇಳುತ್ತೇನೆ. ಮೊದಲು ಶಾರ್ಟ್ ಅಳತೆ ಹೊಂದಿಸು. ಅದು ಪ್ರೈಮರಿ ಸುತ್ತುಗಳ ವರ್ಗದ ಮೇಲೂ ಎರಡು ಕೋಣೆಗಳ ನಡುವಿನ ಅಂತರದ ಮೇಲೂ ನಿಂತಿದೆ, ಗ್ಯಾಪ್‌ಗೆ (ಕೋರ್‌ನ ಎರಡು ಅರ್ಧಗಳ ನಡುವೆ ಬಿಡುವ ಸಂದು) ಅಷ್ಟಾಗಿ ಜಗ್ಗುವುದಿಲ್ಲ. ಆಮೇಲೆ ಗ್ಯಾಪ್‌ನಿಂದ ತೆರೆದ ಅಳತೆಯನ್ನು ಇಳಿಸಿಕೋ. ಗ್ಯಾಪ್ ನಡುಗಾಲಿನಲ್ಲಿ ಮಾತ್ರ ಇರಲಿ. ಮೂರೂ ಕಾಲಿಗೆ ಕಾಗದ ಇಡುವ ಅಭ್ಯಾಸ ಬಿಡಬೇಕು. ಹೊರಗಾಲಿನ ಗ್ಯಾಪ್‌ನಿಂದ ಫ್ಲಕ್ಸ್ ಹೊರಗೆ ಚೆಲ್ಲಿ ಡಬ್ಬಿಯ ತಗಡು ಕಾಯುತ್ತದೆ. ಎರಡು ಕೋಣೆಯ ಬಾಬಿನ್‌ನಲ್ಲಿ ಲೀಕೇಜ್ ಫ್ಲಕ್ಸ್ ಹೇಗೂ ಹೊರಗೆ ಹರಡುತ್ತದೆ, ಹಾಗಾಗಿ ಕಬ್ಬಿಣದ ಮುಚ್ಚಳವನ್ನು ಕೋರ್‌ಗೆ ತಾಗುವಷ್ಟು ಹತ್ತಿರ ತರಬೇಡ. ಮುಚ್ಚಳ ಹಾಕಿ ಇನ್ನೊಮ್ಮೆ ಶಾರ್ಟ್ ಅಳತೆ ನೋಡು. ಅಂಕಿ ಬದಲಾದರೆ ಡಬ್ಬಿ ದೊಡ್ಡದು ಮಾಡು, ಚಿಕ್ಕದಾಗಬೇಕೆಂಬ ಆಸೆಗೆ ಅಲ್ಲಿ ಮಿತಿ ಇದೆ.

ತಂತಿಯಲ್ಲಿ ಜಿಪುಣತನ ಬೇಡ. 100 ಕಿಲೊಹರ್ಟ್ಜ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಹರಿಯುವ ಮೇಲ್ಪದರದ ಆಳ) 0.2 ಮಿಲಿಮೀಟರ್ ಚಿಲ್ಲರೆ ಅಷ್ಟೇ, ಮೇಲಾಗಿ ಕೋಣೆ ಬೇರೆ ಮಾಡಿದಾಗ ಪ್ರಾಕ್ಸಿಮಿಟಿ ನಷ್ಟ (ಪಕ್ಕದ ಸುತ್ತುಗಳ ಪ್ರಭಾವದಿಂದ ಆಗುವ ನಷ್ಟ) ಸ್ಯಾಂಡ್‌ವಿಚ್‌ಗಿಂತ ಹೆಚ್ಚು. 0.1 ಮಿಲಿಮೀಟರ್ ಎಳೆಗಳನ್ನು ಹೊಸೆದ ಲಿಟ್ಜ್ ತಂತಿ ಹಾಕು. ಗ್ಯಾಪ್ ಇರುವ ಜಾಗಕ್ಕೆ ತಂತಿ ಒತ್ತಿಕೊಂಡಿರಬಾರದು; ಗೋಡೆ ನಡುವೆಯೇ ಬಂದರೆ ಆ ತೊಂದರೆ ತಾನಾಗಿ ಕಡಿಮೆಯಾಗುತ್ತದೆ.

ಕೋರ್ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಹೈದರಾಬಾದಿನ ಕೋಠಿಯಲ್ಲಾಗಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಹೆಸರು, ಗ್ರೇಡ್ ಇಲ್ಲದ ಫೆರೈಟ್ ಕೊಂಡರೆ ಉಳಿಸಿದ ದುಡ್ಡು ದಕ್ಕುವುದಿಲ್ಲ. ಟಿಡಿಕೆ ಒಳ್ಳೆಯದು, ನಮ್ಮ ದೇಶದ ಕಾಸ್ಮೋ ಫೆರೈಟ್ಸ್ ಕೂಡ ಸಾಕು, ಗ್ರೇಡ್ ಕೇಳಿ ತೆಗೆದುಕೋ. ಟಿಡಿಕೆಯ ಪಿಸಿ40 ಗ್ರೇಡ್ ಕೋರ್‌ನ ನಷ್ಟ 100 ಡಿಗ್ರಿಯ ಹತ್ತಿರ ಅತಿ ಕಡಿಮೆ, ಅಲ್ಲಿಂದ ಮುಂದೆ ಏರುತ್ತದೆ. ಪಿಸಿ95 ತಂಪಿನಿಂದ ಬಿಸಿಯವರೆಗೆ ಹೆಚ್ಚುಕಡಿಮೆ ಒಂದೇ ಸಮ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 42–43 ಇರುವಾಗ ಡಬ್ಬಿಯೊಳಗಿನ ಲೆಕ್ಕ ನೀನೇ ಹಾಕಿಕೋ. ಸ್ಯಾಚುರೇಶನ್ (ಕೋರ್ ಹಿಡಿಯಬಲ್ಲ ಫ್ಲಕ್ಸ್‌ನ ಮಿತಿ) ಕೂಡ ಬಿಸಿಯಲ್ಲಿ ಇಳಿಯುತ್ತದೆ, ಪಿಸಿ40ಗೆ 25 ಡಿಗ್ರಿಯಲ್ಲಿ 510 ಮಿಲಿಟೆಸ್ಲಾ, 100ರಲ್ಲಿ 390. ಜನವರಿಯಲ್ಲಿ ಟೇಬಲ್ ಮೇಲೆ ನಡೆಯಿತು ಎಂದು ಗಿರಾಕಿಗೆ ಕೊಡಬೇಡ.

ರೆಸೊನೆಂಟ್ ಕೆಪಾಸಿಟರ್ ಪಾಲಿಪ್ರೊಪಿಲೀನ್ ಆಗಿರಲಿ, ವಿಮಾ (WIMA) ಅಥವಾ ಎಪ್ಕಾಸ್ ಕಂಪನಿಯದು. ಪಾಲಿಯೆಸ್ಟರ್ ಹಾಕಿದರೆ ಆ ಕರೆಂಟ್‌ಗೆ ಉಬ್ಬಿ ಸೀಳುತ್ತದೆ. ಮೊದಲ ಸಲ ಚಾಲೂ ಮಾಡುವಾಗ ಐಸಿಗೆ ಬೇರೆ 15 ವೋಲ್ಟ್ ಕೊಡು, ಲೈನ್ ಪಿನ್ನಿಗೆ ಸುಳ್ಳು ವೋಲ್ಟೇಜ್ ತೋರಿಸು, ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮತ್ತು ಡಿಮ್ಮರ್‌ಸ್ಟಾಟ್‌ನಿಂದ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಬಸ್ ವೋಲ್ಟೇಜನ್ನು ನಿಧಾನವಾಗಿ ಏರಿಸು. ಎರಡು ಮಾಸ್ಫೆಟ್ ಕೂಡುವ ಸ್ವಿಚಿಂಗ್ ನೋಡ್‌ನಲ್ಲಿ ಆಸಿಲೋಸ್ಕೋಪ್ ಇರಲಿ. ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ 390 ವೋಲ್ಟ್ ನಿಂತಿರುತ್ತದೆ, ಖಾಲಿ ಮಾಡದೆ ಕೈ ಹಾಕಬೇಡ.

ಸೋಲಾರ್ ಪಂಪ್‌ನ ಎರಡು ಫೇಸ್ ಬೂಸ್ಟ್‌ಗೆ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಎರಡೂ ಚೋಕ್ ಒಂದೇ ಕೋರ್‌ಗೆ ಹಾಕಬಹುದೇ ಎಂದು ಸಿಂಧನೂರಿನವರು ಕೇಳಿದ್ದರು. ಹಾಕಬಹುದು, ಆದರೆ ಡಾಟ್ (ವೈಂಡಿಂಗ್ ಶುರುವಾಗುವ ತುದಿಯ ಗುರುತು) ಎದುರುಬದುರಾಗಿ ಇರಬೇಕು. ಆಗ ಎರಡು ಡಿಸಿ ಫ್ಲಕ್ಸ್ ಒಂದನ್ನೊಂದು ಕಳೆಯುತ್ತವೆ, ಕೋರ್ ಚಿಕ್ಕದಾಗುತ್ತದೆ. ಡಾಟ್ ಒಂದೇ ಕಡೆ ಬಂದರೆ ಎರಡೂ ಕೂಡಿ ಕೋರ್ ಸ್ಯಾಚುರೇಟ್ ಆಗುತ್ತದೆ. ಫೇಸ್‌ಗಳ ಕರೆಂಟ್ ಸಮವಾಗಿರುವಂತೆ ಕಂಟ್ರೋಲ್ ಇಲ್ಲದಿದ್ದರೆ ಈ ದಾರಿಗೆ ಹೋಗಬೇಡಿ.

ಇನ್ನೊಂದು ಉಳಿತಾಯ ಇನ್‌ಪುಟ್ ಫಿಲ್ಟರ್‌ನಲ್ಲಿದೆ. ಕಾಮನ್ ಮೋಡ್ ಚೋಕ್‌ನ (ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ನಾಯ್ಸ್ ತಡೆಯುವ ಚೋಕ್) ಎರಡು ವೈಂಡಿಂಗ್‌ಗಳನ್ನು ಬೇರೆ ಬೇರೆ ಕೋಣೆಯಲ್ಲಿ ಸುತ್ತಿದರೆ ಅದರ ಲೀಕೇಜ್, ಅಂದಾಜು ಶೇಕಡಾ 1ರಷ್ಟು, ಎರಡು ತಂತಿಗಳ ನಡುವಿನ ನಾಯ್ಸ್ ತಡೆಯುವ ಡಿಫರೆನ್ಶಿಯಲ್ ಚೋಕ್‌ನಂತೆ ಕೆಲಸ ಮಾಡುತ್ತದೆ. ಚಿಕ್ಕ ಚಾರ್ಜರ್‌ಗೆ ಬೇರೆ ಚೋಕ್ ಬೇಕಾಗದೆಯೂ ಹೋಗಬಹುದು.

ಅಕ್ಕಿ ಗಿರಣಿಯ ಹೊಟ್ಟಿನ ಧೂಳು, ಸಂಡೂರು ಕಡೆಯ ಗಣಿ ಧೂಳು ಎರಡೂ ತೇವ ಹಿಡಿದಾಗ ಬಾಬಿನ್ ಪಿನ್‌ಗಳ ನಡುವೆ ದಾರಿ ಮಾಡಿಕೊಳ್ಳುತ್ತವೆ, ಆದ್ದರಿಂದ ಟ್ರಾನ್ಸ್‌ಫಾರ್ಮರ್‌ಗೆ ವಾರ್ನಿಶ್ ಬೇಕೇಬೇಕು. ವಾರ್ನಿಶ್ ಒಣಗಿ ಕೋರ್ ಬಿಗಿಯಾದ ಮೇಲೆ ತೆರೆದ ಅಳತೆ ಸ್ವಲ್ಪ ಸರಿಯುತ್ತದೆ. ಬೋರ್ಡ್‌ಗೆ ಬೆಸುಗೆ ಹಾಕುವ ಮೊದಲು ಅದನ್ನೂ ನೋಡಿಕೊಂಡು, ಎರಡೂ ಅಂಕಿಯನ್ನು ಕೋರ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಡು.