ಇಂದಿನ ಕಲಾವಿದರು ಮುದ್ದು ಕೂಸನ್ನು ದಿಗಿಲಾಗುವ ಹಾಗೆ ಯಾಕೆ ತೋರಿಸುತ್ತಾರೆ?

ಕೂಸಿನ ಜೊತೆಗೆ ಅಪ್ಪ-ಅಮ್ಮನ ದಿಗಿಲನ್ನೂ ತೋರಿಸಬೇಕು ಅಂತ. ಕ್ಯಾಲೆಂಡರಿನ ಬಾಲಕೃಷ್ಣನಿಗೆ ಜ್ವರ ಬರುವುದಿಲ್ಲ. ಮನೆಯ ಕೂಸು ಹಾಗಲ್ಲ, ಅಲ್ವಾ?

ಭಯಕ್ಕೆ ಆಕಾರ ಇಲ್ಲ. ಅದು ಕಾಣಬೇಕು ಅಂದರೆ ಏನಾದರೂ ಗುರುತು ಬೇಕು. ನಮ್ಮ ಕಲಬುರಗಿ ಕಡೆ ಅಜ್ಜಿಯರು ಕೂಸಿನ ಕೆನ್ನೆಗೆ ಕಪ್ಪುಬೊಟ್ಟು ಇಡುತ್ತಾರಲ್ಲ, ಅದೂ ಇದೇ ಕೆಲಸ. ಅಂದವನ್ನು ಬೇಕಂತಲೇ ಸ್ವಲ್ಪ ಕೆಡಿಸಿದರೆ ದೃಷ್ಟಿ ತಾಗದು ಅನ್ನುವ ನಂಬಿಕೆ.

ಕಲಾವಿದರು ಬೊಟ್ಟಿನ ಬದಲು ಅಳತೆಯನ್ನೇ ಕೆಡಿಸುತ್ತಾರೆ. ಆಸ್ಟ್ರೇಲಿಯಾ ಮೂಲದ ಶಿಲ್ಪಿ ರಾನ್ ಮ್ಯೂಕ್ 2006ರಲ್ಲಿ ಮಾಡಿದ ‘ಎ ಗರ್ಲ್’ ಆಗಷ್ಟೇ ಹುಟ್ಟಿದ ಹೆಣ್ಣುಕೂಸಿನ ಶಿಲ್ಪ. ಉದ್ದ ಸುಮಾರು 5 ಮೀಟರ್! ಮೈಮೇಲೆ ರಕ್ತದ ಕಲೆ, ಹೊಕ್ಕುಳಬಳ್ಳಿ ಇನ್ನೂ ಹಾಗೇ ಇದೆ. ಪಕ್ಕದಲ್ಲಿ ನಿಂತ ದೊಡ್ಡವರೇ ಚಿಕ್ಕವರಾಗಿ ಕಾಣುತ್ತಾರೆ. ಮೂರು ಕೆಜಿ ಜೀವವೊಂದು ಇಡೀ ಮನೆಯ ನಿದ್ದೆಯನ್ನು ಆಳುತ್ತದಲ್ಲ, ಅದನ್ನು ಬಾಯಿಂದ ಹೇಳುವುದು ಕಷ್ಟ. ಇಲ್ಲಿ ಸುಮ್ನೆ ನಿಂತರೆ ಸಾಕು, ಗೊತ್ತಾಗುತ್ತದೆ.

ಎಲ್ಲರೂ ದೊಡ್ಡದು ಮಾಡಿಯೇ ತೋರಿಸುವುದಿಲ್ಲ. ಅಮೆರಿಕದ ಕಲಾವಿದೆ ಮೇರಿ ಕೆಲ್ಲಿ ತಮ್ಮ ಮಗನ ಮಲದ ಗುರುತು ಉಳಿದ ನ್ಯಾಪಿಯ ಒಳಪದರಗಳನ್ನು ಜೋಡಿಸಿಟ್ಟು, ಅವನು ಆ ದಿನ ಏನು ತಿಂದ ಅಂತ ಅವುಗಳ ಮೇಲೆ ದಾಖಲಿಸಿದರು. 1976ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಪತ್ರಿಕೆಗಳು ಕಿಡಿಕಾರಿದವು. ಇದೂ ಒಂದು ಕಲೆಯಾ ಅಂತ ನಿಮಗೂ ಅನ್ನಿಸಬಹುದು. ನನಗಂತೂ ಅದರಲ್ಲಿ ಕಾಣುವುದು, ಕೂಸಿನ ಹೊಟ್ಟೆ ಸರಿ ಇದೆಯಾ ಅಂತ ದಿನಾ ಲೆಕ್ಕ ಇಡುವ ತಾಯಿ.