ಹುದ್ದೆ ನಮ್ಮೂರಿನದು, ವೈದ್ಯರು ಬೇರೆ ಊರಿನಲ್ಲಿ

ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಆಗಲೇ ಉತ್ತರಿಸಿದ್ದರೆ ಮಾತು ಬಿರುಸಾಗುತ್ತಿತ್ತು. ಆದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ. ‘ದೇಶದಲ್ಲೀಗ 811 ಜನರಿಗೆ ಒಬ್ಬ ವೈದ್ಯರಿದ್ದಾರೆ, ಸಾವಿರಕ್ಕೊಬ್ಬರು ಎಂಬ ಮಾನದಂಡವನ್ನೇ ದಾಟಿದ್ದೇವೆ, ನಿಮ್ಮ ಗದಗಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಆದರೂ ನಿಮ್ಮ ಕಡೆಯವರ ಗೋಳು ಮುಗಿಯುವುದಿಲ್ಲವಲ್ಲ’ ಎಂದಿರಿ. ಆ ಲೆಕ್ಕವನ್ನು ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟಿರುವುದು ನಿಜ. ನೋಂದಾಯಿತ ವೈದ್ಯರಲ್ಲಿ ಶೇ 80 ಮಂದಿ ಕೆಲಸದಲ್ಲಿದ್ದಾರೆಂದು ಹಿಡಿದು, ಆಯುಷ್ ವೈದ್ಯರನ್ನೂ ಕೂಡಿಸಿ ತೆಗೆದ ಸರಾಸರಿ ಅದು. ಆ ಸರಾಸರಿಯೊಳಗೆ ಬೆಂಗಳೂರೂ ಇದೆ, ನಮ್ಮೂರೂ ಇದೆ.

ನಮ್ಮದು ಮುಂಡರಗಿ ತಾಲ್ಲೂಕಿನ ಅಂಚಿನ ಹಳ್ಳಿ. ನಮ್ಮದು ಗಡಿನಾಡು ಎಂದರೆ ನಿಮಗೆ ಬೆಳಗಾವಿ, ಬೀದರ್ ನೆನಪಾಗುತ್ತವೆ. ಗದಗ ಜಿಲ್ಲೆ ಬೇರೆ ಯಾವ ರಾಜ್ಯಕ್ಕೂ ತಾಗಿಲ್ಲ ಎಂಬ ನಿಮ್ಮ ಮಾತೂ ಸರಿಯೇ. ಆದರೆ ಬ್ರಿಟಿಷರ ಕಾಲದಲ್ಲಿ ಮುಂಡರಗಿ ಮುಂಬಯಿ ಪ್ರಾಂತ್ಯದಲ್ಲಿತ್ತು, ತುಂಗಭದ್ರೆಯ ಆಚೆಯ ಹೂವಿನಹಡಗಲಿ ಮದ್ರಾಸಿಗೆ ಸೇರಿತ್ತು, ಪೂರ್ವಕ್ಕಿರುವ ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದದ್ದು ಇಂಥದೊಂದು ಗಡಿಯನ್ನು ದಾಟಿಯೇ. ಆ ಮೂರೂ ಆಡಳಿತಗಳು ಹೋದವು. ಗಡಿ ಹೊಸ ಹೆಸರುಗಳಲ್ಲಿ ಉಳಿಯಿತು. ಆಚೆ ಕಲ್ಯಾಣ ಕರ್ನಾಟಕ, ಈಚೆ ಕಿತ್ತೂರು ಕರ್ನಾಟಕ. ಬೀಗತನಕ್ಕೆ, ಸಂತೆಗೆ, ಜಾತ್ರೆಗೆ ಈ ಗಡಿ ಲೆಕ್ಕಕ್ಕಿಲ್ಲ. ಕೊರ್ಲಹಳ್ಳಿಯ ಸೇತುವೆ ದಾಟಿ ದಿನವೂ ಜನ ಓಡಾಡುತ್ತಾರೆ. ಸರ್ಕಾರಿ ಹುದ್ದೆಗಳ ವಿಷಯ ಬಂದಾಗ ಮಾತ್ರ ಅದು ಗೋಡೆಯಾಗಿ ನಿಲ್ಲುತ್ತದೆ.

ನಮ್ಮಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಶಾ ಕಾರ್ಯಕರ್ತೆಯರಿದ್ದಾರೆ, ಉಪಕೇಂದ್ರವಿದೆ, 108ರ ಗಾಡಿ ಬರುತ್ತದೆ, ಮಕ್ಕಳ ಲಸಿಕೆ ತಪ್ಪುವುದಿಲ್ಲ. ನಾವು ದಿನವೂ ಗುದ್ದಾಡುತ್ತಿರುವುದು ಬೇರೊಂದು ತೊಡಕಿನೊಂದಿಗೆ; ಅದರ ಹೆಸರು ನಿಯೋಜನೆ, ಅಂದರೆ ಒಂದು ಊರಿನ ಹುದ್ದೆಯಲ್ಲಿರುವವರನ್ನು ಬೇರೆ ಊರಿನ ಕೆಲಸಕ್ಕೆ ಕಳಿಸುವುದು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಸಿಬ್ಬಂದಿಯ ಫಲಕವಿದೆ. ಮೊದಲ ಸಾಲಿನಲ್ಲಿ ವೈದ್ಯಾಧಿಕಾರಿಗಳ ಹೆಸರು ಸ್ಪಷ್ಟವಾಗಿದೆ. ಅವರು ಇಲ್ಲಿಗೆ ನೇಮಕಗೊಂಡವರು, ಅವರ ಸಂಬಳ ಇಲ್ಲಿಯ ಹುದ್ದೆಯ ಮೇಲೆಯೇ ಆಗುತ್ತದೆ, ಕೆಲಸ ಮಾಡುವುದು ಮಾತ್ರ ಬೇರೆ ಊರಿನ ಆಸ್ಪತ್ರೆಯಲ್ಲಿ. ನೆರೆಯ ಕೇಂದ್ರದ ವೈದ್ಯರಿಗೆ ನಮ್ಮ ಕೇಂದ್ರದ ಪ್ರಭಾರ ವಹಿಸಲಾಗಿದೆ. ಅವರು ವಾರದಲ್ಲಿ ಒಂದೆರಡು ಹೊತ್ತು ಬಂದು, ಸಾಲು ನಿಂತವರನ್ನು ನೋಡಿ, ರಜಿಸ್ಟರಿಗೆ ಸಹಿ ಹಾಕಿ, ಮಧ್ಯಾಹ್ನದೊಳಗೆ ತಮ್ಮ ಕೇಂದ್ರಕ್ಕೆ ಮರಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಯಲುಸೀಮೆಯಲ್ಲಿ 30 ಸಾವಿರ ಜನಸಂಖ್ಯೆಗೆ ಒಂದು ಕೇಂದ್ರವೆಂಬುದು ಸರ್ಕಾರದ್ದೇ ನಿಯಮವಾಗಿರುವಾಗ ಇಬ್ಬರ ಹೊರೆಯನ್ನು ಒಬ್ಬರೇ ಹೊತ್ತಿದ್ದಾರೆ. ನನ್ನ ತಕರಾರು ಇರುವುದು ಕಾಗದದ ಮೇಲೆ. ಹುದ್ದೆಯ ಮುಂದೆ ಹೆಸರಿರುವುದರಿಂದ ಅದು ಖಾಲಿಯೆಂದು ದಾಖಲಾಗುವುದಿಲ್ಲ. ಖಾಲಿಯಿಲ್ಲದ ಹುದ್ದೆಗೆ ಹೊಸ ನೇಮಕಾತಿಯಿಲ್ಲ, ಗುತ್ತಿಗೆಯ ವೈದ್ಯರನ್ನು ಕೇಳಿದರೆ ‘ನಿಮ್ಮಲ್ಲಿ ಭರ್ತಿಯಾಗಿದೆ’ ಎಂಬ ಉತ್ತರ ಬರುತ್ತದೆ. ವರ್ಗಾವಣೆಯನ್ನು ನಿಯಂತ್ರಿಸಲು 2011ರ ಕಾಯ್ದೆಯಿದೆ, ಕೌನ್ಸೆಲಿಂಗ್ ಇದೆ. ನಿಯೋಜನೆಗೆ ಒಂದು ಹಾಳೆಯ ಆದೇಶ ಸಾಕಾಗಿಬಿಡುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಕಾಕಾ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಹಾವು ಕಚ್ಚಿತು. ಬೈಕಿನಲ್ಲಿ ಇಬ್ಬರ ನಡುವೆ ಕೂಡಿಸಿಕೊಂಡು ಕೇಂದ್ರಕ್ಕೆ ತಂದೆವು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಅಲ್ಲಿಯ ಫ್ರಿಜ್ಜಿನಲ್ಲಿಯೇ ಇತ್ತು, ನಾನು ಕಣ್ಣಾರೆ ಕಂಡೆ. ಆದರೆ ಆ ಔಷಧಿಗೆ ಕೆಲವರ ಮೈ ಒಗ್ಗದೆ, ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದಾದ್ದರಿಂದ ವೈದ್ಯರು ಎದುರಿಗಿರಬೇಕು. ನರ್ಸಬಾಯಿ ಸಲಾಯಿನ್ ಹಚ್ಚಿ, ವೈದ್ಯರಿಗೆ ಫೋನು ಮಾಡಿ, ‘ಸಾಹೇಬ್ರು ಆ ಕಡೆ ಕೇಂದ್ರದಾಗ ಅದಾರ್ರೀ, ತಡಾ ಮಾಡಬ್ಯಾಡ್ರಿ, ಮುಂಡರಗಿಗೆ ಒಯ್ರಿ’ ಎಂದರು. ಮುಂಡರಗಿಯಲ್ಲಿ ಇಂಜೆಕ್ಷನ್ ಆಯಿತು. ಉಸಿರಾಟ ಕ್ಷೀಣವಾಗುತ್ತಿದೆಯೆಂದು ಅಲ್ಲಿಂದ ಗದಗಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ಗೆ ಕಳಿಸಿದರು. ಕಾಕಾ ಬದುಕಿದರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆ ವರದಿಯಲ್ಲಿ ಇನ್ನೊಂದು ಕಾಲಂ ಇರಬೇಕು: ಹತ್ತಿರದ ಕೇಂದ್ರದಲ್ಲಿ ಆ ಹೊತ್ತು ವೈದ್ಯರಿದ್ದರೇ?

ಈಗ ನೀವು ಹೆಮ್ಮೆಯಿಂದ ಹೇಳಿದ ನೀತಿಗಳಿಗೆ ಬರುತ್ತೇನೆ. 2014ಕ್ಕೆ ಮುಂಚೆ ದೇಶದಲ್ಲಿ 51,348 ಎಂಬಿಬಿಎಸ್ ಸೀಟುಗಳಿದ್ದವು, ಈಗ ಲಕ್ಷ ದಾಟಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಇನ್ನೂ 75 ಸಾವಿರ ವೈದ್ಯಕೀಯ ಸೀಟುಗಳ ಗುರಿಯಿದೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಕಿಮ್ಸ್ 1957ರಿಂದ ಈ ಸೀಮೆಯ ರೋಗಿಗಳನ್ನು ಕಾಪಾಡಿದೆ. ಗದಗ, ಹಾವೇರಿಗಳಿಗೂ ಕಾಲೇಜು ಬಂದದ್ದು ನಮಗೆ ದೊಡ್ಡ ಭಾಗ್ಯ. ಆದರೆ ಪದವಿ ಪಡೆದವರು ಎಲ್ಲಿ ನಿಲ್ಲುತ್ತಾರೆಂಬುದನ್ನು ಸೀಟಿನ ಸಂಖ್ಯೆ ನಿರ್ಧರಿಸುವುದಿಲ್ಲ. ಅದಕ್ಕಾಗಿಯೇ ನಮ್ಮ ರಾಜ್ಯ 2012ರಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಮುಂದೆ ಅದನ್ನು ಸಡಿಲಿಸಿ, ಖಾಲಿ ಹುದ್ದೆಗಳಿದ್ದಷ್ಟು ಮಂದಿಯನ್ನು ಮಾತ್ರ ಕಳಿಸುವಂತೆ ತಿದ್ದುಪಡಿ ತಂದಿತು. ನಿಯೋಜನೆಯ ತೊಡಕು ಇಲ್ಲಿಯೂ ನಮ್ಮನ್ನು ಹಿಡಿಯಿತು: ಕಾಗದದಲ್ಲಿ ಭರ್ತಿಯಾಗಿರುವ ನಮ್ಮ ಕೇಂದ್ರಕ್ಕೆ ಆ ಒಂದು ವರ್ಷದ ವೈದ್ಯರೂ ದಕ್ಕುವುದಿಲ್ಲ.

ಗಡಿಯ ಆಚೆ, ಕಲ್ಯಾಣ ಕರ್ನಾಟಕದಲ್ಲಿ, 2013ರಿಂದ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಸ್ಥಳೀಯರಿಗೆ ಬಿ ವೃಂದದಲ್ಲಿ ಶೇ 75, ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85ರಷ್ಟು ಹುದ್ದೆಗಳು ಮೀಸಲಿವೆ. ಅಲ್ಲಿಯ ವೈದ್ಯಕೀಯ ಸೀಟುಗಳಲ್ಲಿಯೂ ಶೇ 70 ಅಲ್ಲಿಯ ಮಕ್ಕಳಿಗೆ. ಶತಮಾನಗಳ ಹಿಂದುಳಿಕೆಗೆ ಅವರು ಹೋರಾಡಿ ಪಡೆದ ಹಕ್ಕು ಅದು, ಮತ್ಸರಪಟ್ಟರೆ ಅದು ನಮ್ಮ ಸಣ್ಣತನ. ಅಲ್ಲಿಯೂ ವೈದ್ಯರ ಕೊರತೆ ನೀಗಿಲ್ಲ. ಅಲ್ಲಿಯ ಎಷ್ಟೋ ರೋಗಿಗಳು ಜಿಮ್ಸ್‌ಗೂ ಕಿಮ್ಸ್‌ಗೂ ಬರುತ್ತಾರೆ, ಬರಲಿ. ಆದರೆ ನಮ್ಮೂರಿನ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬಂದರೆ, ಗಡಿಯಾಚೆಯ ಹತ್ತಿರದ ಊರಿನಲ್ಲಿ ಅವಳು ಹೊರಗಿನವಳು, ಸ್ವಂತ ಜಿಲ್ಲೆಯಲ್ಲಿ ಅವಳಿಗೆಂದು ಮೀಸಲಾದ ಹುದ್ದೆ ಒಂದೂ ಇಲ್ಲ. ಕೊನೆಗೆ ಅವಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಾಳೆ, ಕೊಲ್ಲಿ ದೇಶದ ವೀಸಾಕ್ಕೆ ಕಾಯುತ್ತಾಳೆ. ನಮ್ಮಲ್ಲಿ ಬಿಟ್ಟು ಹೋಗದೆ ಉಳಿದವರು ಯಾರೆಂದು ನೋಡಿ: ಆಶಾ ಕಾರ್ಯಕರ್ತೆಯರು. ಅವರು ಇದೇ ಊರಿನ ಸೊಸೆಯಂದಿರು ಆಗಿರುವುದೇ ಅದಕ್ಕೆ ಕಾರಣ. 2005ರ ಗ್ರಾಮೀಣ ಆರೋಗ್ಯ ಅಭಿಯಾನವು ಊರಿನವರನ್ನೇ ಆರಿಸಬೇಕೆಂದು ಮಾಡಿದ ನಿಯಮ ಇಪ್ಪತ್ತು ವರ್ಷ ಫಲ ಕೊಟ್ಟಿದೆ. ಅದೇ ನಿಯಮವನ್ನು ನರ್ಸ್ ಮತ್ತು ವೈದ್ಯರ ನೇಮಕಾತಿಗೆ ಒಂದಿಷ್ಟಾದರೂ ಅನ್ವಯಿಸಲು ಅಡ್ಡಿಯೇನು?

ನಮ್ಮ ಜನರಿಗೆ ಆಸ್ಪತ್ರೆಗೆ ಹೋಗುವ ತಿಳಿವಳಿಕೆ ಕಡಿಮೆಯೇನೋ ಎಂದೂ ನೀವು ಅನುಮಾನಿಸಿದಿರಿ. ಆ ಮಾತು ನನಗೆ ನೋವು ತಂದಿತು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೊದಲ ಬಸ್ಸಿಗೆ ಬಂದು, ವೈದ್ಯರಿಲ್ಲವೆಂದು ತಿಳಿದು ಮರುದಿನ ಮತ್ತೆ ಬರುವ ಬಸುರಿ ಹೆಣ್ಣುಮಕ್ಕಳಿಗೆ ಯಾವ ತಿಳಿವಳಿಕೆಯ ಕೊರತೆಯಿದೆ ಹೇಳಿ.

ನೀವು ರಾಜಧಾನಿಯಲ್ಲಿ ಆಡಳಿತಕ್ಕೆ ಹತ್ತಿರ ಇರುವವರು. ಖಾಲಿ ಹುದ್ದೆಗಳ ಪಟ್ಟಿಯ ಜೊತೆಗೆ ನಿಯೋಜನೆಯ ಮೇಲೆ ಹೊರಗಿರುವವರ ಪಟ್ಟಿಯನ್ನೂ, ಅವರ ಸಂಬಳ ಯಾವ ಕೇಂದ್ರದಿಂದ ಆಗುತ್ತಿದೆ ಎಂಬುದನ್ನೂ ಜಿಲ್ಲಾವಾರು ಪ್ರಕಟಿಸಬೇಕೆಂದು ನಮ್ಮ ಗ್ರಾಮಸಭೆ ಕೇಳುತ್ತಿದೆ. ಆರು ತಿಂಗಳು ಮೀರಿದ ನಿಯೋಜನೆಯ ಹುದ್ದೆಯನ್ನು ಖಾಲಿಯೆಂದೇ ಪರಿಗಣಿಸಬೇಕೆಂಬುದು ಎರಡನೆಯ ಬೇಡಿಕೆ. ಠರಾವಿನ ಪ್ರತಿಯನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಯಾರ ಮೇಜಿಗೆ ಮುಟ್ಟಿಸಬೇಕೋ ಮುಟ್ಟಿಸಿ.